ಡ್ಯಾಫ್ನಿಯ ಲಾರೆಲ್ ಎಲೆಗಳ ತಲೆಯೊಡವೆ: ತಗಡು ಎಷ್ಟು ದಪ್ಪ ಇರಬೇಕು, ಜಾರದಂತೆ ನಿಲ್ಲಿಸುವುದು ಹೇಗೆ?

ಎಲೆತೊಟ್ಟು

ಗ್ರೀಕ್ ಪುರಾಣದ ಡ್ಯಾಫ್ನಿ ಕಥೆಯನ್ನಿಟ್ಟುಕೊಂಡು ಹಿತ್ತಾಳೆಯಲ್ಲಿ ಲಾರೆಲ್ ಎಲೆಗಳ ಒಂದು ತಲೆಯೊಡವೆ ಮಾಡಬೇಕಿದೆ. ಹಾಕಿಕೊಳ್ಳುವವರದು ಉದ್ದ ಕೂದಲು, ಕತ್ತಿನ ಹತ್ತಿರ ಸಡಿಲ ತುರುಬು. ಸದ್ಯದ ಲೆಕ್ಕ ಹೀಗಿದೆ: 0.5 ಮಿ.ಮೀ. ತಗಡು, 30 ಎಲೆ, 20 ಗೇಜ್ ತಂತಿಯ ಸುತ್ತು, ಹಿಂದೆ ಎಲಾಸ್ಟಿಕ್. ಎಲೆಯ ಅಚ್ಚಿಗೆ ಅಡುಗೆಮನೆಯ ಪಲಾವ್ ಎಲೆಯನ್ನೇ ಇಟ್ಟು ಗೆರೆ ಎಳೆದುಕೊಂಡರೆ ನಡೆಯುತ್ತದೆಯೇ? ಕೊನೆಗೆ ಗೋಲ್ಡ್ ಪಾಲಿಷ್ ಹಾಕಿಸುವ ಯೋಚನೆ. ಎಲ್ಲೆಲ್ಲಿ ಎಡವಟ್ಟಾಗಬಹುದು, ಬಲ್ಲವರು ಹೇಳಿ.

ಚಿಮುಟ

ಮೊದಲು ಎಲೆ. ನಮ್ಮ ಅಂಗಡಿಗಳಲ್ಲಿ ಸಿಗುವ ಪಲಾವ್ ಎಲೆ ಸಾಮಾನ್ಯವಾಗಿ ದಾಲ್ಚಿನ್ನಿ ಜಾತಿಯದು, ಲಾರೆಲ್ ಅಲ್ಲ. ಬೆಳಕಿಗೆ ಹಿಡಿದು ನೋಡಿ: ತೊಟ್ಟಿನಿಂದ ತುದಿಯತ್ತ ಉದ್ದಕ್ಕೂ ಮೂರು ನರ ಓಡಿರುತ್ತವೆ. ಗ್ರೀಸಿನ ಲಾರೆಲ್‌ಗೆ ನಡುವೆ ಒಂದೇ ನರ, ಅದರಿಂದ ಎರಡೂ ಕಡೆಗೆ ಸಣ್ಣ ನರಗಳು ಓರೆಯಾಗಿ ಹೊರಟು ತುದಿಯ ಕಡೆ ಬಾಗುತ್ತವೆ. ಅಂಚಿನಲ್ಲಿ ಹಲ್ಲಿಲ್ಲ, ಸ್ವಲ್ಪ ಅಲೆಅಲೆಯಾಗಿರುತ್ತದೆ. ಮೂರು ನರ ಒತ್ತಿದರೆ ಗೊತ್ತಿದ್ದವರು ನೋಡಿದ ಕೂಡಲೇ ಪಲಾವ್ ಎಲೆ ಅಂತ ಗುರುತು ಹಿಡಿಯುತ್ತಾರೆ.

ಇನ್ನೊಂದು, ಲಾರೆಲ್ ಎಲೆಗಳು ಕಡ್ಡಿಯ ಮೇಲೆ ಪರ್ಯಾಯವಾಗಿ ಬರುತ್ತವೆ: ಒಂದು ಎಡಕ್ಕೆ, ಮುಂದಿನದು ಸ್ವಲ್ಪ ದೂರದಲ್ಲಿ ಬಲಕ್ಕೆ. ಆಲಿವ್ ಎಲೆ ಹಾಗಲ್ಲ, ಎದುರುಬದುರು ಜೋಡಿಯಾಗಿ ಬರುತ್ತದೆ, ಅಗಲವೂ ಕಡಿಮೆ. ಆನ್‌ಲೈನ್‌ನಲ್ಲಿ ಲಾರೆಲ್ ಅಂತ ಮಾರುವ ಹೇರ್‌ಬ್ಯಾಂಡ್‌ಗಳನ್ನು ಗಮನಿಸಿ, ಅರ್ಧಕ್ಕರ್ಧ ಆಲಿವ್‌ನ ಆಕಾರವೇ. ಮಾಡುವ ಕಷ್ಟ ಎರಡಕ್ಕೂ ಒಂದೇ ಆಗಿರುವಾಗ ಸರಿಯಾದದ್ದನ್ನೇ ಮಾಡಬಹುದಲ್ಲ.

ಗೇಜ್ ಅಂತ ಬರೆಯಬೇಡಿ, ಮಿಲಿಮೀಟರ್‌ನಲ್ಲೇ ಕೇಳಿ. ನಮ್ಮ ಹಾರ್ಡ್‌ವೇರ್ ಅಂಗಡಿಯ 20 ಗೇಜ್ ಬ್ರಿಟಿಷ್ ಲೆಕ್ಕ, 0.91 ಮಿ.ಮೀ. ಕ್ರಾಫ್ಟ್ ವೀಡಿಯೊಗಳ 20 ಗೇಜ್ ಅಮೆರಿಕದ ಲೆಕ್ಕ, 0.81 ಮಿ.ಮೀ. ಎರಡರಲ್ಲಿ ಯಾವುದಾದರೂ ಸುತ್ತುವ ತಂತಿಗೆ ಮಿತಿಮೀರಿದ ದಪ್ಪವೇ. ಸುತ್ತಲು 0.4 ಮಿ.ಮೀ. ಬೇಕು.

ಕುಲುಮೆಕಿಡಿ

ತಗಡು 0.5 ಬೇಡ, 0.2 ಸಾಕು. ತೂಕದ ಲೆಕ್ಕ ಹಾಕಿ. ಒಂದು ಬದಿಗೆ 15 ಎಲೆ: 40×14 ಮಿ.ಮೀ. ಅಳತೆಯವು ಐದು, 32×11ರವು ಆರು, 24×8ರವು ನಾಲ್ಕು. ಎಲೆಯಾಕಾರದ ವಿಸ್ತೀರ್ಣ ಉದ್ದ ಇಂಟು ಅಗಲದ ಮೂರನೇ ಎರಡು ಭಾಗದಷ್ಟು. ಹಿತ್ತಾಳೆ ಒಂದು ಘನ ಸೆಂಟಿಮೀಟರಿಗೆ ಸುಮಾರು 8.5 ಗ್ರಾಂ. ಎರಡೂ ಬದಿ ಸೇರಿ 0.2 ತಗಡಿನಲ್ಲಿ 13 ಗ್ರಾಂ ಬರುತ್ತದೆ, 0.5ರಲ್ಲಿ 32 ದಾಟುತ್ತದೆ. ಕಡ್ಡಿ, ಸುತ್ತುತಂತಿ ಸೇರಿಸಿದರೂ ತೆಳು ತಗಡಿನದು 25 ಗ್ರಾಂ ಒಳಗೆ ನಿಲ್ಲುತ್ತದೆ. ಎಣ್ಣೆ ಹಚ್ಚಿದ ಕೂದಲಿನ ಮೇಲೆ 50 ಗ್ರಾಂ ಇಟ್ಟರೆ ಯಾವ ಪಿನ್ನೂ ತಡೆಯುವುದಿಲ್ಲ.

ತೆಳುವಾದರೆ ಬಾಗಿಹೋಗುವುದಿಲ್ಲವೇ ಎಂಬ ಅನುಮಾನ ಬರುತ್ತದೆ. ಬಾಗದಂತೆ ಹಿಡಿಯುವುದು ತಗಡಿನ ದಪ್ಪಕ್ಕಿಂತ ನಡುನರದ ಉಬ್ಬು. ಚಪ್ಪಟೆ ಎಲೆ ಬೆರಳು ತಾಗಿದರೆ ಮಡಚಿಕೊಳ್ಳುತ್ತದೆ. ಅದೇ ಎಲೆಗೆ ಒಂದು ಮಿಲಿಮೀಟರ್ ಎತ್ತರದ ಏಣು ಕೊಟ್ಟು ನೋಡಿ, ಉದ್ದುದ್ದಕ್ಕೆ ಬಾಗಿಸಲು ಒತ್ತಬೇಕಾಗುತ್ತದೆ.

ಕೆಲಸದ ಕ್ರಮ: ತಗಡಿನ ಮೇಲೆ ಗೆರೆ ಎಳೆದು ಕತ್ತರಿಸುವಾಗ ಎಲೆಯ ಬುಡದಲ್ಲಿ 3 ಮಿ.ಮೀ. ಅಗಲ, 12 ಮಿ.ಮೀ. ಉದ್ದದ ಬಾಲ ಬಿಡಿ. ಅದೇ ತೊಟ್ಟು. ಕತ್ತರಿಸಿದ ಎಲೆಗಳನ್ನು ಕಾಯಿಸಿ ಹದ ಮಾಡಿ. ದೀಪ ಆರಿಸಿ ಮಬ್ಬು ಬೆಳಕಿನಲ್ಲಿ ಮಾಡಿದರೆ ಬಣ್ಣ ಗೊತ್ತಾಗುತ್ತದೆ: ಮಂದ ಕೆಂಪು ಕಂಡ ಕೂಡಲೇ ಉರಿಯಿಂದ ತೆಗೆಯಬೇಕು. 0.2 ತಗಡಿಗೆ ಕೆಲವೇ ಸೆಕೆಂಡು ಸಾಕು. ಕಿತ್ತಳೆ ಬಣ್ಣಕ್ಕೆ ಹೋದರೆ ಸತು ಆವಿಯಾಗಿ ಮೇಲ್ಮೈ ಒರಟಾಗುತ್ತದೆ, ಆ ಹೊಗೆ ಒಳ್ಳೆಯದೂ ಅಲ್ಲ, ಕಿಟಕಿ ತೆರೆದಿರಲಿ. ಕೆಂಪು ಆರಿದ ಮೇಲೆ ನೀರಿಗೆ ಹಾಕಿ, ಕೆಂಪಗಿರುವಾಗಲೇ ಹಾಕಿದರೆ ಕೆಲವು ಹಿತ್ತಾಳೆ ಸೀಳುತ್ತದೆ.

ಕಪ್ಪು ತೆಗೆಯಲು ಹುಣಸೆಹಣ್ಣೇ ಸಾಕು. ನಿಂಬೆ ಗಾತ್ರದಷ್ಟು ಹುಳಿ, ಒಂದು ಲೋಟ ಬಿಸಿನೀರು, ಒಂದು ಚಮಚ ಉಪ್ಪು, ಕಾಲು ಗಂಟೆ. ಪಾತ್ರೆ ಗಾಜಿನದೋ ಪಿಂಗಾಣಿಯದೋ ಇರಲಿ. ಎಲೆಗಳನ್ನು ಕಬ್ಬಿಣದ ಚಿಮುಟದಿಂದ ತೆಗೆಯಬೇಡಿ, ಮರದ ಕಡ್ಡಿ ಬಳಸಿ. ಹಿತ್ತಾಳೆ ಅದ್ದಿದ ಹುಳಿಯಲ್ಲಿ ತಾಮ್ರ ಕರಗಿರುತ್ತದೆ, ಕಬ್ಬಿಣ ತಾಗಿದರೆ ಅದು ಎಲೆಗಳ ಮೇಲೆ ಗುಲಾಬಿ ಬಣ್ಣದ ಪದರವಾಗಿ ಕೂರುತ್ತದೆ. ಆಮೇಲೆ ಒಂದು ಲೀಟರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿದ ನೀರಿನಲ್ಲಿ ಜಾಲಿಸಿ, ಅಂಟುವಾಳದ ನೊರೆಯಲ್ಲಿ ಮೆತ್ತನೆ ಬ್ರಷ್‌ನಿಂದ ಉಜ್ಜಿ. ಅಕ್ಕಸಾಲಿಗರು ಮಾಡುವುದೂ ಇದನ್ನೇ.

ಇಷ್ಟಾದ ಮೇಲೆ ನರ ಒತ್ತುವುದು. ಹಳೇ ಚರ್ಮದ ತುಂಡೋ ದಪ್ಪ ರಬ್ಬರ್ ಹಾಳೆಯೋ ಕೆಳಗಿರಲಿ. ಎಲೆಯ ಹಿಂಭಾಗದಿಂದ, ಇಂಕು ಮುಗಿದ ಬಾಲ್ ಪೆನ್ನಿನಲ್ಲಿ ನಡುನರವನ್ನು ಎರಡು ಮೂರು ಸಲ ಎಳೆಯಿರಿ. ಒಂದೇ ಸಲಕ್ಕೆ ಜೋರಾಗಿ ಒತ್ತಿದರೆ ತಗಡು ಹರಿಯುತ್ತದೆ. ಪಕ್ಕದ ನರಗಳು ಬದಿಗೆ ಐದಾರು ಸಾಕು, ದೊಡ್ಡ ಎಲೆಗೂ ಅಷ್ಟೇ. ಒತ್ತಿದಂತೆಲ್ಲ ಹಿತ್ತಾಳೆ ಗಟ್ಟಿಯಾಗುತ್ತಾ ಬರುತ್ತದೆ, ಅದು ನಮಗೆ ಬೇಕಾದದ್ದೇ. ನರ ಒತ್ತಿದ ಮೇಲೆ ಮತ್ತೆ ಕೆಂಪಗೆ ಕಾಯಿಸಲು ಹೋಗಬೇಡಿ.

ಹಳೆಯಕಥೆ

ತಾಂತ್ರಿಕ ವಿಚಾರಕ್ಕೆ ನಾನು ಕೈಹಾಕುವುದಿಲ್ಲ. ಪ್ರಶ್ನೆಯಲ್ಲಿ ಡ್ಯಾಫ್ನಿ ಇದ್ದಾಳೆ, ಉತ್ತರಗಳಲ್ಲಿ ಮಾತ್ರ ಗ್ರೀಕ್ ದೇವರು ಅಪೊಲೊನ ಕಿರೀಟ ತಯಾರಾಗುತ್ತಿದೆ.

ರೋಮನ್ ಕವಿ ಓವಿಡ್ ಹೇಳುವ ಕಥೆ ಇಷ್ಟು: ಪೈಥಾನ್ ಸರ್ಪವನ್ನು ಕೊಂದ ಜಂಬದಲ್ಲಿ ಅಪೊಲೊ ಪ್ರೇಮದೇವತೆಯ ಬಿಲ್ಲನ್ನು ಹೀಯಾಳಿಸುತ್ತಾನೆ. ಸಿಟ್ಟಾದ ಆ ಹುಡುಗ ದೇವರು ಅಪೊಲೊಗೆ ಚಿನ್ನದ ಬಾಣ, ಪೆನಿಯಸ್ ನದಿದೇವನ ಮಗಳು ಡ್ಯಾಫ್ನಿಗೆ ಸೀಸದ ಬಾಣ ಬಿಡುತ್ತಾನೆ. ಒಬ್ಬನಿಗೆ ಮೋಹ, ಇನ್ನೊಬ್ಬಳಿಗೆ ಜುಗುಪ್ಸೆ. ಅವನು ಅಟ್ಟಿಸಿಕೊಂಡು ಬಂದಾಗ ಅವಳು ತಂದೆಯನ್ನು ಕೂಗಿ ಮರವಾಗುತ್ತಾಳೆ. ಕೂದಲು ಎಲೆಯಾಗುತ್ತದೆ, ತೋಳು ಕೊಂಬೆಯಾಗುತ್ತದೆ. ಹೆಂಡತಿಯಾಗದಿದ್ದರೆ ನನ್ನ ಮರವಾಗು ಎಂದು ಅಪೊಲೊ ಆ ಎಲೆಗಳನ್ನು ತನ್ನ ಕೂದಲಿಗೂ ಲೈರ್ ವಾದ್ಯಕ್ಕೂ ಬತ್ತಳಿಕೆಗೂ ಇಟ್ಟುಕೊಳ್ಳುತ್ತಾನೆ. ಡೆಲ್ಫಿಯ ಪೈಥಿಯನ್ ಕ್ರೀಡೆಗಳಲ್ಲಿ ಗೆದ್ದವರಿಗೆ ಲಾರೆಲ್ ಮಾಲೆ ಕೊಡುತ್ತಿದ್ದರು. ಒಲಿಂಪಿಯಾದಲ್ಲಿ ಕೊಡುತ್ತಿದ್ದುದು ಕಾಡು ಆಲಿವ್; 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಪದಕ ಗೆದ್ದವರ ತಲೆಯ ಮೇಲೆ ಇದ್ದದ್ದೂ ಆಲಿವ್ ಎಲೆಗಳೇ.

ಹಾಗಾಗಿ ಎರಡು ಬದಿ ಸಮನಾಗಿ ಹಣೆಯತ್ತ ಬರುವ ಮಾಲೆ ಅಪೊಲೊನದು, ಗೆದ್ದವನದು. ಡ್ಯಾಫ್ನಿಯದು ಬೇಕೆಂದರೆ ಎಲೆ ತಲೆಯ ಮೇಲೆ ಕೂತಂತೆ ಕಾಣಬಾರದು, ಕೂದಲಿನೊಳಗಿಂದ ಹೊರಟಂತೆ ಕಾಣಬೇಕು. ಶಿಲ್ಪಿ ಬರ್ನಿನಿ 1622ರಿಂದ 1625ರ ನಡುವೆ ಕಡೆದ ಅಪೊಲೊ, ಡ್ಯಾಫ್ನಿಯರ ಅಮೃತಶಿಲೆಯ ಜೋಡಿ ರೋಮ್‌ನ ಬೋರ್ಗೀಸ್ ಗ್ಯಾಲರಿಯಲ್ಲಿದೆ. ಅದರ ಚಿತ್ರಗಳಲ್ಲಿ ಅವಳ ಬೆರಳ ತುದಿ, ಹಾರುವ ಕೂದಲು ನೋಡಿ: ಎಲೆಗಳು ಒಂದೇ ಮಟ್ಟದಲ್ಲಿಲ್ಲ, ಒಂದೇ ದಿಕ್ಕಿಗೂ ಇಲ್ಲ. ಕಿರೀಟವನ್ನೇ ಮಾಡಿ ಡ್ಯಾಫ್ನಿ ಅಂತ ಹೆಸರಿಡುವುದು ನನಗಂತೂ ಒಪ್ಪಿಗೆಯಿಲ್ಲ, ಅವಳು ತಪ್ಪಿಸಿಕೊಳ್ಳಲು ಓಡಿದ್ದೇ ಅವನಿಂದ.

ಎಲೆತೊಟ್ಟು

ಹಳೆಯಕಥೆ ಅವರೇ, ಇದು ತಲೆಗೇ ಹೊಳೆದಿರಲಿಲ್ಲ. ಹಾಗಾದರೆ ತುರುಬಿನಿಂದ ಹೊರಟು ಕಿವಿಯ ಮೇಲೆ ಹಾದು ಬರುವ ಒಂದು ಬದಿಯ ಬಳ್ಳಿ ಸಾಕೇ? ಅಳತೆ ಹೇಗಿಟ್ಟುಕೊಳ್ಳಲಿ?

ಮೊಗ್ಗಿನಜಡೆ

ಒಂದು ಬದಿಯದೇ ಚೆಂದ, ಹಿಡಿದು ನಿಲ್ಲಿಸುವುದೂ ಸುಲಭ. ತುರುಬಿನ ಬುಡದಿಂದ ಕಿವಿಯ ಮೇಲೆ ಹಾದು ಹುಬ್ಬಿನ ಕೊನೆಯ ನೇರಕ್ಕೆ ದಾರದಿಂದ ಅಳೆಯಿರಿ, ದೊಡ್ಡವರಿಗೆ ಸಾಮಾನ್ಯವಾಗಿ 20ರಿಂದ 24 ಸೆಂ.ಮೀ. ಬರುತ್ತದೆ. ಅದಕ್ಕೆ 3 ಸೆಂ.ಮೀ. ಸೇರಿಸಿ ತಂತಿ ಕತ್ತರಿಸಿ.

ಕಡ್ಡಿಗೆ 0.8 ಮಿ.ಮೀ.ನ ಎರಡು ಹಿತ್ತಾಳೆ ತಂತಿ. ಒಂದು ಪೂರ್ತಿ ಉದ್ದ, ಇನ್ನೊಂದು ಅರ್ಧಕ್ಕೆ ನಿಲ್ಲಲಿ. ಬುಡದಲ್ಲಿ ಎರಡೂ ಸೇರಿ ಗಟ್ಟಿ, ತುದಿಯಲ್ಲಿ ಒಂದೇ ಇದ್ದು ಬಳುಕುತ್ತದೆ. ನಿಜವಾದ ರೆಂಬೆಯೂ ಬುಡದಲ್ಲಿ ದಪ್ಪ ಇರುವುದರಿಂದ ನೋಡಲೂ ಸರಿಯಾಗುತ್ತದೆ. ಕಡ್ಡಿಯನ್ನು ಮಾತ್ರ ಕಾಯಿಸಬೇಡಿ. ಮೆತ್ತಗಾದರೆ ಕೊಟ್ಟ ಬಾಗು ಒಂದೇ ದಿನಕ್ಕೆ ತೆರೆದುಕೊಳ್ಳುತ್ತದೆ. ಗಟ್ಟಿ ತಂತಿ ಬಾಗಿಸಿದ ಮೇಲೆ ಸ್ವಲ್ಪ ಹಿಂದಕ್ಕೆ ಬರುವುದು ಸಹಜ, ಅದಕ್ಕೇ ತಲೆಯ ಸುತ್ತಳತೆಗಿಂತ ಚಿಕ್ಕದಾದ, 14 ಸೆಂ.ಮೀ. ಅಗಲದ ಡಬ್ಬಿಗೆ ಸುತ್ತಿ ಬಾಗಿಸಿ.

ಎಲೆ 13 ಸಾಕು. ಸುತ್ತುವುದು ತುದಿಯಿಂದ ಶುರುವಾಗಬೇಕು: ಎಲ್ಲಕ್ಕಿಂತ ಚಿಕ್ಕ ಎಲೆ ಕೊನೆಯಲ್ಲಿ ಒಂದೇ, ಆಮೇಲೆ ಎಡ, ಬಲ, ಎಡ, ಬಲ. ಪ್ರತಿ ಹೊಸ ಎಲೆ ಹಿಂದಿನ ಎಲೆಯ ತೊಟ್ಟನ್ನು ಮುಚ್ಚುತ್ತಾ ಬರುತ್ತದೆ. ತುದಿಯಲ್ಲಿ ಎಲೆಗಳ ನಡುವೆ 12 ಮಿ.ಮೀ., ಬುಡದ ಕಡೆ 18. ತೊಟ್ಟಿನ ತಗಡನ್ನು ದುಂಡು ಮೂತಿಯ ಇಕ್ಕಳದಲ್ಲಿ ಕಡ್ಡಿಯ ಮೇಲೆ ಅರ್ಧ ಕೊಳವೆಯಂತೆ ಬಾಗಿಸಿ, ಅದರ ಮೇಲೆ 0.4 ತಂತಿ ಆರು ಸುತ್ತು. ಮೂರೇ ಸುತ್ತು ಹಾಕಿದರೆ ಎಲೆ ಕಡ್ಡಿಯ ಸುತ್ತ ತಿರುಗುತ್ತದೆ. ತಂತಿ ಸಡಿಲವಾಗುವುದು ಬಹುಪಾಲು ಇಲ್ಲೇ: ಸುತ್ತುವಾಗ ತಂತಿ ಎಳೆದು ಹಿಡಿದಿರಬೇಕು, ಎರಡು ಸುತ್ತಿಗೊಮ್ಮೆ ಇಕ್ಕಳದಿಂದ ಒತ್ತಬೇಕು. ಒಂದೂಕಾಲು ಮೀಟರ್ ತಂತಿ ಕತ್ತರಿಸಿಟ್ಟುಕೊಳ್ಳಿ, ಅದಕ್ಕಿಂತ ಉದ್ದವಾದರೆ ಗಂಟು ಬೀಳುತ್ತದೆ. ಗಂಟು ಬಿಡಿಸಿದ ಜಾಗದಲ್ಲೇ ಆಮೇಲೆ ತುಂಡಾಗುತ್ತದೆ.

ಎಲ್ಲ ಎಲೆ ಕಟ್ಟಿದ ಮೇಲೆ ಮೂರು ನಾಲ್ಕನ್ನು ಬೆರಳಿನಿಂದ ಮೇಲಕ್ಕೆತ್ತಿ, ಒಂದೆರಡನ್ನು ಕೂದಲಿನ ಕಡೆ ಬಾಗಿಸಿ. ಎಲ್ಲವೂ ಒಂದೇ ಮಟ್ಟದಲ್ಲಿದ್ದರೆ ಬಾಗಿಲ ತೋರಣವಾಗಿಬಿಡುತ್ತದೆ.

ಇನ್ನು ಡ್ಯಾಫ್ನಿ ಕಾಣಿಸುವುದು ಬಿಡಿ ಎಲೆಗಳಲ್ಲಿ. ಐದಾರು ಎಲೆಗಳನ್ನು ಬಳ್ಳಿಗೆ ಕಟ್ಟದೆ ಒಂದೊಂದು ಯು ಪಿನ್ನಿನ ಬಾಗಿಗೆ ಸುತ್ತಿ, 6 ಸೆಂ.ಮೀ. ಪಿನ್ ಸಾಕು. ತುರುಬಿನ ಸುರುಳಿಗಳ ಸಂದಿಯಲ್ಲಿ ಎಲೆಯ ಅರ್ಧ ಮಾತ್ರ ಹೊರಗೆ ಇಣುಕುವಂತೆ ಚುಚ್ಚಿ. ಬಳ್ಳಿಯ ಬುಡವೂ ತುರುಬಿನೊಳಗೆ ಅಡಗಬೇಕು, ಎಲ್ಲಿ ಶುರುವಾಯಿತೆಂದು ಗೊತ್ತಾಗಬಾರದು.

ಸೂಜಿಮೊನೆ

ಕೂದಲು ಸಿಕ್ಕಿಕೊಳ್ಳುವ ವಿಚಾರ ಯಾರೂ ಎತ್ತಲಿಲ್ಲ. ಸಿಕ್ಕಿಕೊಳ್ಳುವ ಜಾಗಗಳು ಮೂರು. ಎಲೆಯ ಅಂಚು: ಕತ್ತರಿಸಿದ ಕಡೆ ಕಣ್ಣಿಗೆ ಕಾಣದ ಮುಳ್ಳು ಉಳಿದಿರುತ್ತದೆ, 400 ನಂಬರ್ ಸ್ಯಾಂಡ್ ಪೇಪರ್, ಆಮೇಲೆ 600. ನೈಲಾನ್ ಕಾಲುಚೀಲದ ಮೇಲೆ ಎಳೆದು ನೋಡಿ, ಒಂದು ಎಳೆ ಹಿಡಿದರೂ ಮತ್ತೆ ಉಜ್ಜಿ. ಎಲೆಯ ತುದಿ ಚೂಪಾಗಿ ಬಿಡದೆ ಸ್ವಲ್ಪ ದುಂಡಗೆ ಮಾಡಿ. ಎರಡನೆಯದು ಸುತ್ತುತಂತಿಯ ಕೊನೆ: ಅದನ್ನು ತಲೆಯ ಕಡೆ ಮುಗಿಸಬೇಡಿ, ಹೊರಬದಿಗೆ ತಂದು ಎಲೆಯ ಕೆಳಗೆ ಅಡಗಿಸಿ ಒತ್ತಿ. ಮೂರನೆಯದೇ ಕೆಟ್ಟದ್ದು, ತೊಟ್ಟಿಗೂ ಕಡ್ಡಿಗೂ ನಡುವಿನ ಸೀಳು. ಕೂದಲು ಅದರೊಳಗೆ ಜಾರಿ ಹೋಗುತ್ತದೆ, ತೆಗೆಯುವಾಗ ಕಿತ್ತೇ ಬರುತ್ತದೆ. ಒಳಬದಿಗೆ ಕೂದಲಿನ ಬಣ್ಣದ ರೇಷ್ಮೆ ದಾರವನ್ನು ಒತ್ತೊತ್ತಾಗಿ ಸುತ್ತಿದರೆ ಸೀಳು ಮುಚ್ಚುತ್ತದೆ, ಜಾರುವುದೂ ಕಡಿಮೆಯಾಗುತ್ತದೆ.

ಎಲಾಸ್ಟಿಕ್ ಅಂತ ಬರೆದಿದ್ದೀರಿ, ಅದು ಬೇಡವೇ ಬೇಡ. ಎಲಾಸ್ಟಿಕ್ ಎರಡು ಕೊನೆಗಳನ್ನು ಒಳಕ್ಕೆಳೆದು ಇಡೀ ಒಡವೆಯನ್ನು ಮೇಲಕ್ಕೆ ಹತ್ತಿಸುತ್ತದೆ. ಬಳ್ಳಿಗೆ ಮೂರು ಕಡೆ, ಅಂದರೆ ಬುಡ, ಕಿವಿಯ ಮೇಲೆ, ತುದಿಯಿಂದ 4 ಸೆಂ.ಮೀ. ಹಿಂದೆ, 3 ಮಿ.ಮೀ. ಒಳಗಾತ್ರದ ಪುಟ್ಟ ಉಂಗುರ ಬಿಡಿ. ಒಂದೊಂದಕ್ಕೂ ಎರಡು ಬಾಬಿ ಪಿನ್ ಅಡ್ಡಡ್ಡ, ಒಂದರ ಮೇಲೊಂದು ಕತ್ತರಿಯಾಗಿ. ಪಿನ್ನಿನ ಅಲೆಅಲೆ ಬದಿ ತಲೆಯ ಕಡೆಗೆ ಇರಬೇಕು. ತುಂಬ ಜನ ಉಲ್ಟಾ ಹಾಕಿಕೊಂಡು ಪಿನ್ ನಿಲ್ಲುವುದಿಲ್ಲ ಅಂತಾರೆ.

ರಂಗಪರಿಕರ

ಯಾರಿಗಾದರೂ ನಾಟಕಕ್ಕೆ ಅಪೊಲೊನ ಪೂರ್ತಿ ಮಾಲೆಯೇ ಬೇಕಾದರೆ: ತಲೆ ಸುತ್ತಳತೆ 55 ಸೆಂ.ಮೀ. ಅಂದುಕೊಂಡು ಹಣೆಯ ಮುಂದೆ 4, ಹಿಂದೆ 7 ಸೆಂ.ಮೀ. ಬಿಟ್ಟರೆ ಒಂದೊಂದು ರೆಂಬೆ 22 ಸೆಂ.ಮೀ. ಕಡ್ಡಿ 1.2 ಮಿ.ಮೀ. ತಂತಿ. ಹಿಂದೆ ರಿಬ್ಬನ್ನಿನಿಂದ ಕಟ್ಟುವುದೇ ಒಳ್ಳೆಯದು, ಬಾಸಿಂಗ ಕಟ್ಟುವ ರೀತಿಯೇ. ಸ್ಯಾಟಿನ್ ಜಾರುತ್ತದೆ, ಹತ್ತಿಯದು ನಿಲ್ಲುತ್ತದೆ. ಕಟ್ಟುವ ಜಾಗ ಹಿಂದಲೆಯ ಉಬ್ಬಿನ ಕೆಳಗೆ. ಉಬ್ಬಿನ ಮೇಲೆ ಕಟ್ಟಿದರೆ ತಲೆ ಬಗ್ಗಿಸಿದಾಗಲೇ ಮೇಲಕ್ಕೆ ಜಾರುತ್ತದೆ.

ಗಂಟು ಬಲಗಡೆಯದು ಎಡದ ಮೇಲೆ, ಆಮೇಲೆ ಎಡಗಡೆಯದು ಬಲದ ಮೇಲೆ. ಎರಡೂ ಸಲ ಒಂದೇ ಕಡೆಯಿಂದ ಹಾಕಿದರೆ ಬಿಚ್ಚಿಕೊಳ್ಳುತ್ತದೆ. ಇದೇ ಗ್ರೀಕರ ಹೆರಾಕ್ಲೀಸ್ ಗಂಟು. ಹೆಲೆನಿಸ್ಟಿಕ್ ಕಾಲದ, ಅಂದರೆ ಅಲೆಕ್ಸಾಂಡರನ ನಂತರದ ಶತಮಾನಗಳ ಚಿನ್ನದ ತಲೆಪಟ್ಟಿಗಳ ನಟ್ಟನಡುವೆ ಒಡವೆಯಾಗಿಯೇ ಕೂರುತ್ತಿತ್ತು.

ರಂಗದ ಮೇಲೆ 40 ಮಿ.ಮೀ. ಎಲೆ ಹಿಂದಿನ ಸಾಲಿಗೆ ಕಾಣುವುದಿಲ್ಲ, 65 ಮಾಡಿ. ಹೊಳಪು ಕಡಿಮೆಯಿರಲಿ, ಕನ್ನಡಿ ಹೊಳಪಿದ್ದರೆ ದೀಪ ಬಿದ್ದಾಗ ಆಕಾರ ಕಳೆದು ಬರೀ ಮಿಂಚು ಉಳಿಯುತ್ತದೆ. ನರಗಳ ಸಂದಿಗೆ ಕಂದು ಬಣ್ಣ ತೆಳ್ಳಗೆ ಹಚ್ಚಿ ಒರೆಸಿಬಿಡಿ.

ಹಳೆಯಕಥೆ

ರೆಂಬೆಗಳು ಸೇರುವ ಜಾಗ ಮುಚ್ಚುವುದಕ್ಕೆ ಹಳಬರೇ ದಾರಿ ತೋರಿಸಿದ್ದಾರೆ. ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಟರ್ಕಿಯ ಡಾರ್ಡನೆಲ್ಸ್ ಜಲಸಂಧಿಯ ಕಡೆಯಿಂದ ಬಂದ, ಕ್ರಿ.ಪೂ. 350–300ರ ಚಿನ್ನದ ಓಕ್ ಮಾಲೆ ಇದೆ. ಮುಂದೆ ಎರಡು ರೆಂಬೆ ಕೂಡುವಲ್ಲಿ ಒಂದು ಜೇನುಹುಳ, ಕೊಂಡಿ ಅದರ ಕೆಳಗೆ ಅಡಗಿದೆ. ಎಲೆಗಳ ನಡುವೆ ಎರಡು ಜೀರುಂಡೆ. ಹಿಂದೆ ರೆಂಬೆಯ ಕೊನೆಗಳನ್ನು ಕತ್ತಿಯಿಂದ ಕೊಯ್ದ ಕೊಂಬೆಯ ಹಾಗೆ ಓರೆಯಾಗಿ ಮುಗಿಸಿದ್ದಾರೆ. ಆ ಓರೆ ಕೊಯ್ತ ನಿಮ್ಮ ಬಳ್ಳಿಯ ಬುಡಕ್ಕೂ ಮಾಡಬಹುದು, ಅಕಸ್ಮಾತ್ ಹೊರಗೆ ಕಂಡರೂ ಅಂದ.

ಉತ್ತರ ಗ್ರೀಸಿನ ವೆರ್ಜಿನಾದಲ್ಲಿ 1977ರಲ್ಲಿ ಪುರಾತತ್ವಜ್ಞ ಮನೋಲಿಸ್ ಆಂಡ್ರೋನಿಕೋಸ್ ಅಗೆದ ರಾಜಸಮಾಧಿಯ ಓಕ್ ಮಾಲೆಯಲ್ಲಿ 313 ಎಲೆ, 68 ಓಕ್ ಕಾಯಿ. ಸಮಾಧಿಗಳಲ್ಲಿ ಸಿಕ್ಕಿದ ಮಾಲೆಗಳಲ್ಲಿ ಎಷ್ಟೋ ಹಾಕಿಕೊಂಡು ಓಡಾಡಲಾಗದಷ್ಟು ಸೂಕ್ಷ್ಮ. ಚಿತ್ರ ನೋಡಿ ಅಷ್ಟೇ ದಟ್ಟವಾಗಿ ಮಾಡಲು ಹೊರಟರೆ ತೂಕ ಮೀರುತ್ತದೆ.

ಎಲೆತೊಟ್ಟು

ಎಲೆಗಳ ನಡುವೆ ಕಾಯಿ ಇಡಬಹುದೇ? ಮತ್ತೆ ಗೋಲ್ಡ್ ಪಾಲಿಷ್ ಕಟ್ಟುವ ಮೊದಲೋ ಆಮೇಲೋ?

ಚಿಮುಟ

ಲಾರೆಲ್ ಹಣ್ಣು ಪುಟ್ಟದು, ಮಾಗಿದಾಗ ಕಪ್ಪು. 6 ಮಿ.ಮೀ. ಕಪ್ಪು ಮಣಿ ಎಲೆಯ ತೊಟ್ಟಿನ ಬುಡದಲ್ಲಿ ಜೋಡಿಯಾಗಿ, ಇಡೀ ಬಳ್ಳಿಗೆ ಮೂರು ಜೋಡಿ ಮೀರದಿರಲಿ. ಜಾಸ್ತಿಯಾದರೆ ದ್ರಾಕ್ಷಿಬಳ್ಳಿ ಅನ್ನಿಸಿ ಮದ್ಯದ ದೇವರು ಡಯೊನೈಸಸ್‌ನ ಕಡೆ ಹೋಗುತ್ತದೆ. ಮುತ್ತಿನ ಬಣ್ಣದ ಪ್ಲಾಸ್ಟಿಕ್ ಮಣಿ ಬೇಡ, ಹೇರ್ ಸ್ಪ್ರೇ ತಾಗಿ ಅದರ ಲೇಪ ಸುಲಿಯುತ್ತದೆ.

ಕುಲುಮೆಕಿಡಿ

ಪಾಲಿಷ್ ಕಟ್ಟುವ ಮೊದಲು. ತಂತಿ ಸುತ್ತಿದ ಮೇಲೆ ಲೇಪದ ತೊಟ್ಟಿಗೆ ಅದ್ದಿದರೆ ಸುತ್ತುಗಳ ಸಂದಿಯಲ್ಲಿ ರಾಸಾಯನಿಕ ಉಳಿದುಕೊಳ್ಳುತ್ತದೆ, ತೊಳೆದರೂ ಪೂರ್ತಿ ಹೋಗುವುದಿಲ್ಲ, ಕೆಲವು ವಾರಕ್ಕೆ ಅಲ್ಲಿಂದಲೇ ಹಸಿರು ಕಿಲುಬು ಹೊರಡುತ್ತದೆ. ಎಲೆ, ತಂತಿ ಬೇರೆ ಬೇರೆ ಲೇಪಿಸಿ ಆಮೇಲೆ ಕಟ್ಟಿ. ತೊಟ್ಟು ಬಾಗಿಸುವುದು ಮಾತ್ರ ಲೇಪಕ್ಕೆ ಮೊದಲೇ ಮುಗಿದಿರಲಿ, ಇಲ್ಲವಾದರೆ ಬಾಗಿನಲ್ಲಿ ಲೇಪ ಬಿರಿಯುತ್ತದೆ. ಅಂಗಡಿಯವರಿಗೆ ಅಡಿಲೇಪ ನಿಕ್ಕಲ್ ಬೇಡ ಅಂತ ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ನಿಕ್ಕಲ್ ಹಾಕುವುದೇ ರೂಢಿ, ಒಗ್ಗದವರಿಗೆ ಕಿವಿಯ ಹಿಂದೆ ತುರಿಕೆ ಬರುತ್ತದೆ.

ಲೇಪವೇ ಬೇಡವೆಂದರೂ ನಡೆಯುತ್ತದೆ. ಹೊಸ ಹಿತ್ತಾಳೆಯ ಬಣ್ಣ ಚಿನ್ನಕ್ಕೆ ಹತ್ತಿರವೇ. ಅಕ್ರಿಲಿಕ್ ಲ್ಯಾಕರ್ ಎರಡು ತೆಳು ಪದರ ಸಿಂಪಡಿಸಿ. ಮುಂಚೆ ಸ್ಪಿರಿಟ್‌ನಲ್ಲಿ ಒರೆಸಿ, ಆಮೇಲೆ ಬರಿಗೈಯಲ್ಲಿ ಮುಟ್ಟಬೇಡಿ, ಬೆರಳ ಗುರುತು ಲ್ಯಾಕರಿನ ಕೆಳಗೇ ಕಪ್ಪಾಗಿ ನಿಲ್ಲುತ್ತದೆ. ಬಣ್ಣರಹಿತ ನೈಲ್ ಪಾಲಿಷ್ ಚಕ್ಕೆಯಾಗಿ ಏಳುತ್ತದೆ, ಅದು ಉಪಯೋಗವಿಲ್ಲ. ಬರಿ ಹಿತ್ತಾಳೆಗೆ ಕೊಬ್ಬರಿ ಎಣ್ಣೆ ತಾಗಿದರೆ ಎಣ್ಣೆಯ ಆಮ್ಲ ತಾಮ್ರದ ಜೊತೆ ಸೇರಿ ಹಸಿರು ಮೇಣದಂಥದ್ದು ಆಗುತ್ತದೆ, ಕೂದಲಿಗೂ ಹತ್ತುತ್ತದೆ. ಹಾಕಿಕೊಳ್ಳುವ ದಿನ ತಲೆ ತೊಳೆದಿರಲಿ.

ಅಮೋನಿಯಾ ಇರುವ ಗಾಜು ಒರೆಸುವ ದ್ರಾವಣದಿಂದ ಇದನ್ನು ಎಂದೂ ತೊಳೆಯಬೇಡಿ. ಬಾಗಿಸಿದ ಹಿತ್ತಾಳೆಯಲ್ಲಿ ಬಿಗುವು ಉಳಿದಿರುತ್ತದೆ, ಅಮೋನಿಯಾ ಸೋಕಿದರೆ ಬಾಗಿನಲ್ಲೇ ಸೀಳುತ್ತದೆ. ಬ್ರಿಟಿಷರ ಕಾಲದಲ್ಲಿ ಇಂಡಿಯಾದ ಕುದುರೆ ಲಾಯಗಳಲ್ಲಿಟ್ಟಿದ್ದ ಹಿತ್ತಾಳೆ ತೋಟಾಗಳು ಮಳೆಗಾಲದಲ್ಲಿ ಬಿರುಕು ಬಿಡುತ್ತಿದ್ದುದಕ್ಕೆ ಇದೇ ಕಾರಣ, ಕುದುರೆ ಗಂಜಲದ ಅಮೋನಿಯಾ. ಮನೆಯಲ್ಲಿ ಓವನ್ ಇದ್ದರೆ ತೊಟ್ಟು ಬಾಗಿಸಿದ ಎಲೆಗಳನ್ನು ಲೇಪ, ಲ್ಯಾಕರ್, ಮಣಿಗಳಿಗೆ ಮುಂಚೆ 250 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟರೆ ಬಿಗುವು ಇಳಿಯುತ್ತದೆ, ಎಲೆಯ ಗಟ್ಟಿತನ ಅಷ್ಟಾಗಿ ಹೋಗುವುದಿಲ್ಲ. ಬಣ್ಣ ಮಾಸುತ್ತದೆ, ಇನ್ನೊಮ್ಮೆ ಹುಳಿಗೆ ಹಾಕಿ.

ಸೂಜಿಮೊನೆ

ಎತ್ತಿಡುವಾಗ ರಬ್ಬರ್ ಬ್ಯಾಂಡ್ ಸುತ್ತಬೇಡಿ, ರಬ್ಬರಿನ ಗಂಧಕದಿಂದ ಅದು ತಾಗಿದಲ್ಲಿ ಕಪ್ಪು ಗೆರೆ ಬೀಳುತ್ತದೆ. ಒಗೆದ ಹಳೇ ಹತ್ತಿ ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿ, ಎಲೆ ಅಪ್ಪಚ್ಚಿಯಾಗದ ಡಬ್ಬಿಯಲ್ಲಿಡಿ. ಬಿಡಿ ಎಲೆಯ ಯು ಪಿನ್‌ಗಳನ್ನು ಥರ್ಮಾಕೋಲ್ ತುಂಡಿಗೆ ಚುಚ್ಚಿಟ್ಟರೆ ಸಾಕು.

ಎಲೆತೊಟ್ಟು

0.2 ತಗಡು, 0.8 ಕಡ್ಡಿ, 0.4 ಸುತ್ತುತಂತಿ ಬರೆದುಕೊಂಡೆ. ಬಳ್ಳಿಗೆ 13, ಬಿಡಿಯಾಗಿ ಆರು ಎಲೆ. ಒಂದು ಉಳಿಯಿತು: ಎಲೆಯ ಅಚ್ಚಿಗೆ ನಿಜವಾದ ಲಾರೆಲ್ ಎಲೆ ಎಲ್ಲಿ ಸಿಗುತ್ತದೆ?

ಚಿಮುಟ

ದೊಡ್ಡ ಸೂಪರ್‌ಮಾರ್ಕೆಟ್‌ನಲ್ಲಿ ಇಟಾಲಿಯನ್ ಅಡುಗೆ ಸಾಮಾನಿನ ಕಡೆ ಒಣಗಿದ ಬೇ ಲೀಫ್ ಸೀಸೆ ಹುಡುಕಿ. ಕೊಳ್ಳುವ ಮುಂಚೆ ಗಾಜಿನಲ್ಲೇ ನರ ಎಣಿಸಿ. ಒಂದಿದ್ದರೆ ತಗೊಳ್ಳಿ, ಮೂರಿದ್ದರೆ ಅಲ್ಲೇ ಇಡಿ.